ಗುಳುಮುಳುಕನಿಗೆ ತಕ್ಕ ಲೆನ್ಸು

ಕನ್ನಡಿಯಿಲ್ಲದ ಕ್ಯಾಮೆರಾಗಳನ್ನು ಲೋಕಕ್ಕೆ ದಯಪಾಲಿಸುತ್ತಿರುವ ಕಂಪನಿಯ ಮಾದರಿ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ಈ ಪತ್ರ ತಲುಪುವಷ್ಟರಲ್ಲಿ ತಾವು ಬಿಡುಗಡೆ ಮಾಡಿರಬಹುದಾದ ಇನ್ನೆರಡು ಹೊಸ ಮಾದರಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ತಮ್ಮ ಗ್ರಾಹಕ. ತಮ್ಮ ಸಹಾಯವಾಣಿಗೆ ಮೂರು ಸಲ ದೂರು ಬರೆದು, ಮೂರು ಸಲವೂ "ನಮ್ಮ ಉತ್ಪನ್ನದಲ್ಲಿ ನಿಮಗಿರುವ ಆಸಕ್ತಿಗೆ ಧನ್ಯವಾದಗಳು" ಎಂಬ ಒಂದೇ ಉತ್ತರವನ್ನು ಪಡೆದ ಪುಣ್ಯವಂತ. ಮನೆಯಲ್ಲಿ ಧನ್ಯವಾದ ಇಡಲು ಇನ್ನು ಜಾಗವಿಲ್ಲದ ಕಾರಣ ನಾಲ್ಕನೆಯ ದೂರನ್ನು ಹೀಗೆ ಪತ್ರಿಕೆಯ ಮೂಲಕ, ನೆರೆಹೊರೆಯವರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ತೂಕ ಮತ್ತು ಅಳತೆ ಇಲಾಖೆಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಪರಿಶೀಲಕ. ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಬಟ್ಟೆ ಅಂಗಡಿಯ ಅಳತೆಗೋಲು ಇವುಗಳನ್ನು ಪರೀಕ್ಷಿಸಿ ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ನೋಟಿಸು ಕೊಡುವುದು ನನ್ನ ಕೆಲಸ. ನನ್ನ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡುವವಳು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಣಗಳನ್ನು ಎಣಿಸುತ್ತಾಳೆ. ಹೀಗೆ ನಾವಿಬ್ಬರೂ ಎಣಿಸಿಯೇ ಹೊಟ್ಟೆ ಹೊರೆಯುವವರು. ತಮ್ಮ ಜಾಹೀರಾತಿನ ಭಾಷೆಗೆ ಇಂಥವರು ಒಗ್ಗುವುದಿಲ್ಲ ಎಂಬುದು ನಮ್ಮದೇ ದೋಷ.

ನಮ್ಮ ಬಡಾವಣೆಯ ಕೊನೆಯಲ್ಲಿ, ಎಂದೋ ನಿಂತುಹೋದ ನೀರು ಶುದ್ಧೀಕರಣ ಘಟಕದ ಹಿಂದೆ ಒಂದು ಹೊಂಡವಿದೆ. ಸುತ್ತ ತಂತಿಬಲೆ, ಒಂದು ಗೇಟು, ಗೇಟಿಗೊಂದು ಬೀಗ, ಬೀಗದ ಮೇಲೆ "ಪ್ರವೇಶವಿಲ್ಲ" ಎಂಬ ಫಲಕ. ಹನ್ನೊಂದು ವರ್ಷಗಳಿಂದ ನನ್ನ ಹೆಂಡತಿ ಕೆಲಸಕ್ಕೆ ಹೋಗುವ ಮುನ್ನ ಅರ್ಧ ಗಂಟೆ ಆ ಬಲೆಯ ಹೊರಗೆ ನಿಂತು, ದುರ್ಬೀನಿನಲ್ಲಿ ನೋಡಿ, ಬಂದ ಹಕ್ಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಅಂಥ ನೋಟ್‌ಬುಕ್ಕುಗಳು ಒಂಬತ್ತಾಗಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಹೆಸರು ಗುಳುಮುಳುಕನದು.

ಈ ಹಕ್ಕಿಯ ಪರಿಚಯ ತಮಗಿರಲಿಕ್ಕಿಲ್ಲ. ಅದು ಒಂದೂವರೆ ಮುಷ್ಟಿಯಷ್ಟು ದಪ್ಪದ, ಬಾಲವೇ ಇಲ್ಲವೇನೋ ಎನ್ನುವಂಥ ಗುಂಡನೆಯ ನೀರುಹಕ್ಕಿ. ನೋಡಿದೊಡನೆ ಮುಳುಗುತ್ತದೆ, ನಾವು ನೋಡದ ಕಡೆ ಏಳುತ್ತದೆ. ತೇಲುವ ಕಳೆಕಡ್ಡಿಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕಳೆ ಎಳೆದು ಮುಚ್ಚುತ್ತದೆ. ಮರಿಯಾದ ಮೇಲೆ ಎರಡು ಮೂರು ವಾರ, ತಲೆಗೆ ಪಟ್ಟೆ ಬಳಿದುಕೊಂಡಂತಿರುವ ಆ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಇಷ್ಟೆಲ್ಲ ಗುಣವುಳ್ಳ ಹಕ್ಕಿ ಛಾಯಾಗ್ರಾಹಕರ ಕಷ್ಟವನ್ನು ಮಾತ್ರ ಯೋಚಿಸಿಲ್ಲ.

ಈ ವರ್ಷ ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಗೇಟಿನ ಮೇಲೆ ಪುರಸಭೆಯ ಪ್ರಕಟಣೆ ಅಂಟಿತು. ಹೊಂಡದಲ್ಲಿರುವುದು "ಯಾವುದೇ ಜೀವಿಗಳಿಲ್ಲದ, ಅನುಪಯುಕ್ತ ನಿಂತ ನೀರು" ಆಗಿರುವುದರಿಂದ ಅದನ್ನು ಮಣ್ಣು ತುಂಬಿ ಮುಚ್ಚಿ ವಾಹನ ನಿಲ್ದಾಣ ಮಾಡಲಾಗುವುದು. ಆಕ್ಷೇಪಣೆಗೆ ನಲವತ್ತೈದು ದಿನ ಕಾಲಾವಕಾಶ. ನನ್ನ ಹೆಂಡತಿ ಒಂಬತ್ತು ನೋಟ್‌ಬುಕ್ಕುಗಳನ್ನೂ ಚೀಲದಲ್ಲಿ ಹೊತ್ತು ಪುರಸಭೆಯ ಸಮೀಕ್ಷಾಧಿಕಾರಿಗಳ ಮೇಜಿನ ಮುಂದೆ ನಿಂತಳು. ಅವರು ಒಂದನ್ನು ತೆರೆದು ನೋಡಿ, "ಅಕ್ಷರ ಮುದ್ದಾಗಿದೆ ಮೇಡಂ. ಆದ್ರೆ ನೋಟ್‌ಬುಕ್ಕಲ್ಲಿ ಯಾರು ಬೇಕಾದ್ರೂ ಗುಳುಮುಳುಕ ಅಂತ ಬರೀಬಹುದು. ಫೋಟೋ ತನ್ನಿ. ಅಲ್ಲೇ ಮರಿ ಮಾಡಿದೆ ಅಂತ ಕಣ್ಣಿಗೆ ಕಾಣ್ಬೇಕು" ಎಂದರು. ಅವಳು, "ಸಾರ್, ರಕ್ತದಲ್ಲಿ ಬಿಳಿಕಣ ಇಷ್ಟಿದೆ ಅಂತ ನಾನು ಚೀಟಿ ಬರೆದ್ರೆ ಅದನ್ನ ನಂಬಿ ಡಾಕ್ಟರು ಔಷಧಿ ಕೊಡ್ತಾರೆ. ಹೊಂಡದಲ್ಲಿ ಹಕ್ಕಿ ಇಷ್ಟಿದೆ ಅಂದ್ರೆ ಮಾತ್ರ ಫೋಟೋ ಬೇಕಾ?" ಎಂದು ಕೇಳಿದಳು. ನಿಯಮ ಹಾಗಿದೆ ಎಂದರು.

ಪ್ರಕಟಣೆ ಅಂಟಿದ ಮೂರನೆಯ ದಿನ ಅವಳು ತನ್ನ ಫೋನಿನಲ್ಲಿ ತೆಗೆದ ಗೂಡಿನ ಚಿತ್ರವನ್ನು ಒಯ್ದು ತೋರಿಸಿದಳು. ಹಕ್ಕಿ ಎಂದಿನಂತೆ ಮೊಟ್ಟೆಗೆ ಕಳೆ ಮುಚ್ಚಿ ಹೋಗಿತ್ತು. ಅಧಿಕಾರಿಗಳು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, "ಇದು ಕಸ ಅಲ್ವಾ?" ಎಂದರು. ಹಾಗಾದರೆ ಗೇಟು ತೆರೆಸಿ, ಹತ್ತಿರ ಹೋಗಿ ತೆಗೆಯುತ್ತೇವೆ ಎಂದು ನಾವು ಅರ್ಜಿ ಕೊಟ್ಟೆವು. "ಒಳಗೆ ಜೀವಿಗಳೇ ಇಲ್ಲ ಅಂತ ವರದಿ ಇರುವಾಗ ಒಳಗೆ ಹೋಗಿ ಏನು ಮಾಡ್ತೀರ?" ಎಂಬ ಪ್ರಶ್ನೆಯೊಡನೆ ಅರ್ಜಿ ಹಿಂದಿರುಗಿತು. ಬಲೆಯಿಂದ ಗೂಡಿಗೆ ಎಷ್ಟು ದೂರವೆಂದು ಇಲಾಖೆಯ ಮುದ್ರೆಯುಳ್ಳ ಉಪಕರಣದಿಂದ ಅಳೆದೆ: ಅರವತ್ತೆರಡು ಮೀಟರು. ಹೀಗೆ, ಮಾನ್ಯರೇ, ನಾವು ತಮ್ಮ ಪಾದಮೂಲಕ್ಕೆ ಬಂದೆವು.

ಬಂದವರಿಗೆ ತಾವು ಮಾಡಿದ ಸತ್ಕಾರವನ್ನು ಹೇಗೆ ಮರೆಯಲಿ? ನಾನು ಕೇಳಿದ್ದು ಅರವತ್ತೆರಡು ಮೀಟರು ದೂರದ ಒಂದು ಹಕ್ಕಿಯ ಚಿತ್ರ ತೆಗೆಯಲು ಒಂದು ಕ್ಯಾಮೆರಾ, ಒಂದು ಲೆನ್ಸು. ತಾವು ನನ್ನ ಮುಂದಿಟ್ಟದ್ದು ಇಪ್ಪತ್ತಮೂರು ಕ್ಯಾಮೆರಾ, ಮೂವತ್ತೊಂದು ಲೆನ್ಸು. ಗುಣಿಸಿದರೆ ಏಳು ನೂರ ಹದಿಮೂರು ಜೋಡಿ. ತಮ್ಮ ಜಾಲತಾಣ ಒಂದು ಸಲಕ್ಕೆ ನಾಲ್ಕನ್ನು ಮಾತ್ರ ಹೋಲಿಸಿ ನೋಡಲು ಬಿಡುತ್ತದೆ. ಐದನೆಯದನ್ನು ಸೇರಿಸಿದರೆ ಮೊದಲನೆಯದು ಗುಳುಮುಳುಕನ ಹಾಗೆ ಸದ್ದಿಲ್ಲದೆ ಮುಳುಗುತ್ತದೆ. ಮಾದರಿಗಳ ಹೆಸರುಗಳೋ, ಒಂದಕ್ಕೆ ಎಂಟು, ಮತ್ತೊಂದಕ್ಕೆ ಎಂಟರ ಎರಡನೆಯ ಆವೃತ್ತಿ, ಇನ್ನೊಂದಕ್ಕೆ ಎಂಟೂವರೆ, ಅದಕ್ಕಿಂತ ಕೆಳಗಿನದಕ್ಕೆ ಹದಿನೆಂಟು. ಬಸ್ಸಿನ ನಂಬರುಗಳಲ್ಲಿ ಇದಕ್ಕಿಂತ ಹೆಚ್ಚಿನ ಕ್ರಮವಿದೆ. ಬಸ್ಸಾದರೂ ಒಂದು ಕಡೆಗೆ ತಲುಪಿಸುತ್ತದೆ. ಇನ್ನು ಕನ್ನಡಿಯಿಲ್ಲ ಎಂಬ ಸಂಗತಿಯನ್ನೇ ತಾವು ಮಿರರ್‌ಲೆಸ್ ಎಂದು ಹೆಸರಾಗಿಟ್ಟು ಮಾರುತ್ತಿರುವ ಧೈರ್ಯವನ್ನು ಮೆಚ್ಚಲೇಬೇಕು. ನಮ್ಮಲ್ಲಿ ವ್ಯಾಪಾರಿಯೊಬ್ಬ ತನ್ನ ತಕ್ಕಡಿಯಲ್ಲಿ ಇಲ್ಲದ್ದನ್ನು ಮುಂದಿಟ್ಟು ಬೆಲೆ ಹೇಳಿದರೆ ನಾವು ನೋಟಿಸು ಕೊಡುತ್ತೇವೆ.

ಈ ಹಂತದಲ್ಲಿ ನನ್ನ ಹೆಂಡತಿಯ ತಮ್ಮ ನೆರವಿಗೆ ಬಂದ. ನಮ್ಮ ಬಳಗದಲ್ಲಿ ಅವನನ್ನು ಮೆಗಾಪಿಕ್ಸೆಲ್ ಎಂದೇ ಕರೆಯುತ್ತಾರೆ. ಅವನ ಬಳಿ ಆರು ಲೆನ್ಸುಗಳಿವೆ. ಅವುಗಳಲ್ಲಿ ಐದರ ಚಿತ್ರವನ್ನು ಆರನೆಯದರಿಂದ ತೆಗೆದು ಎಲ್ಲರಿಗೂ ಕಳುಹಿಸುವುದನ್ನು ಬಿಟ್ಟರೆ ಅವನು ಬೇರೆ ಚಿತ್ರ ತೆಗೆದದ್ದನ್ನು ನಾನು ಕಂಡಿಲ್ಲ. ಅವನು ನಮ್ಮ ಊಟದ ಮೇಜಿನ ಬಳಿ ಕುಳಿತು, "ಭಾವ, ಕ್ಯಾಮೆರಾ ಒಳಗೆ ಚಿತ್ರ ಬೀಳೋ ಸೆನ್ಸರ್ ಇದೆಯಲ್ಲ, ನೀವು ಅದು ದೊಡ್ಡದು ತಗೋಬೇಡಿ. ಚಿಕ್ಕ ಸೆನ್ಸರ್ ತಗೊಂಡ್ರೆ ಅದೇ ಲೆನ್ಸಲ್ಲಿ ಹಕ್ಕಿ ಒಂದೂವರೆ ಪಟ್ಟು ಹತ್ರ ಬರುತ್ತೆ" ಎಂದ. ಹೆಂಡತಿ ತಟ್ಟೆಗಳನ್ನು ಎತ್ತಿಡುತ್ತಾ, "ಸೆನ್ಸರೇ ಇಲ್ಲದಿದ್ರೆ ಬಂದು ಮಡಿಲಲ್ಲೇ ಕೂರುತ್ತೇನೋ" ಎಂದಳು. ಮಾರನೆಯ ದಿನ ಅವನೇ ಫೋನು ಮಾಡಿ, "ಭಾವ, ಬೆಳಕು ಕಡಿಮೆ ಇರೋ ಹೊತ್ತಲ್ಲಿ ತೆಗೆಯೋದಾದ್ರೆ ದೊಡ್ಡ ಸೆನ್ಸರೇ ಬೇಕು, ನಿನ್ನೆ ಹೇಳಿದ್ದು ಮರೆತುಬಿಡಿ" ಎಂದ. ಅದರ ಮಾರನೆಯ ದಿನ ನಿನ್ನೆಯದನ್ನೂ ಮರೆಯಲು ಹೇಳಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಎರಡು ಪ್ರಾಣಿಗಳಾದರೂ ಇವೆ. ಇಲ್ಲಿ ಎರಡೂ ಕಡೆ ಎಳೆದವನು ಒಬ್ಬನೇ.

ಕೊನೆಗೆ ನಾನು ನಾಲ್ಕು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ನಡುಮನೆಯ ಗೋಡೆಗೆ ತಗುಲಿಸಿ ಪಟ್ಟಿ ಮಾಡಿದೆ. ತೂಕ, ಉದ್ದ, ಬೆಳಕು ಹಿಡಿಯುವ ಬಾಯಗಲ, ಸೆಕೆಂಡಿಗೆ ಎಷ್ಟು ಚಿತ್ರ, ಧೂಳು ತಡೆಯುತ್ತದೆಯೇ, ಕೈನಡುಕ ತಡೆಯುತ್ತದೆಯೇ, ಹೀಗೆ ಇಪ್ಪತ್ತೆರಡು ಕಾಲಮ್ಮು. ಬಾಯಗಲದ ದೊಡ್ಡ ಲೆನ್ಸು ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದನ್ನು ಹಿಡಿಯಲು ಇನ್ನೊಬ್ಬ ಮನುಷ್ಯ ಬೇಕು. ಕೈಯಲ್ಲಿ ಹಿಡಿಯಬಹುದಾದದ್ದು ನಸುಕಿನ ಬೆಳಕಿನಲ್ಲಿ ಕುರುಡು. ಹದಿನೇಳನೆಯ ದಿನ ಪಟ್ಟಿ ಪೂರ್ತಿಯಾಯಿತು. ನನ್ನ ಹೆಂಡತಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಇದರಲ್ಲಿ ಹಕ್ಕಿ ಎಲ್ಲಿದೆ?" ಎಂದಳು. ಹಕ್ಕಿಗೆ ಕಾಲಮ್ಮು ಇಟ್ಟಿರಲಿಲ್ಲ.

ಹದಿನೆಂಟನೆಯ ದಿನ ತಮ್ಮ ಅಧಿಕೃತ ಮಾರಾಟಗಾರರ ಅಂಗಡಿಗೆ ಹೋದೆವು. ಗಾಜಿನ ಮೇಜಿನ ಹಿಂದಿದ್ದವರು ಬಹಳ ಒಳ್ಳೆಯವರು. "ಸಾರ್, ಹಕ್ಕಿ ಅಂದ್ರೆ ಕೂತಿರೋದಾ, ಹಾರೋದಾ?" ಎಂದು ಕೇಳಿದರು. "ಮುಳುಗೋದು" ಎಂದಳು ಹೆಂಡತಿ. "ಅದಕ್ಕೆ ನೀರೊಳಗಿನ ಕವಚ ಬೇರೆ ಬರುತ್ತೆ ಮೇಡಂ, ತೋರಿಸ್ಲಾ?" ಎಂದರು. ಕವಚ ಬಿಟ್ಟು, ನೂರೈವತ್ತರಿಂದ ಆರುನೂರು ಮಿಲಿಮೀಟರಿನ ಲೆನ್ಸನ್ನೂ, ಎಂಟರ ಎರಡನೆಯ ಆವೃತ್ತಿಯ ಕ್ಯಾಮೆರಾವನ್ನೂ ಬರೆಸಿ ಬಂದೆವು. ಇಪ್ಪತ್ತೆರಡನೆಯ ದಿನ ಪೆಟ್ಟಿಗೆ ಮನೆಗೆ ಬಂತು. ಅದೇ ದಿನ ತಾವು ಮೂರನೆಯ ಆವೃತ್ತಿಯನ್ನು ಪ್ರಕಟಿಸಿದಿರಿ. ಇಷ್ಟು ಸಮಯಪ್ರಜ್ಞೆ ನಮ್ಮ ರೈಲುಗಳಿಗೆ ಬರಲಿ.

ಈಗ ತೂಕದ ವಿಷಯ. ಲೆನ್ಸಿನ ತೂಕ ಒಂದು ಕಿಲೋ ಒಂಬೈನೂರ ಮೂವತ್ತು ಗ್ರಾಮ್ ಎಂದು ತಾವು ಪೆಟ್ಟಿಗೆಯ ಮೇಲೆ ಬರೆದಿದ್ದೀರಿ. ನಾನು ಅದನ್ನು ಕಚೇರಿಗೆ ಒಯ್ದು, ಮುದ್ರೆ ಬಿದ್ದ ತಕ್ಕಡಿಯಲ್ಲಿ, ಇಬ್ಬರು ಸಹೋದ್ಯೋಗಿಗಳ ಎದುರು ತೂಗಿದೆ: ಎರಡು ಕಿಲೋ ಮುನ್ನೂರ ಹತ್ತು. ಪುಸ್ತಿಕೆಯ ಕೊನೆಯ ಪುಟದಲ್ಲಿ ಇರುವೆಗಳಿಗಾಗಿ ಅಚ್ಚು ಹಾಕಿದಂತಿರುವ ಸಾಲೊಂದು ಸಿಕ್ಕಿತು: ಈ ತೂಕದಲ್ಲಿ ಲೆನ್ಸಿನ ಕಾಲು, ಮುಚ್ಚಳ, ಬಿಸಿಲುಮರೆ ಸೇರಿಲ್ಲ. ಸಂತೋಷ. ಇದೇ ನ್ಯಾಯದಲ್ಲಿ ಕೈ, ಕಾಲು, ತಲೆ ಬಿಟ್ಟು ತೂಗಿದರೆ ನಾನೂ ತೆಳ್ಳಗಿದ್ದೇನೆ; ನನ್ನ ವೈದ್ಯರಿಗೆ ಇದನ್ನು ತಾವೇ ಒಂದು ಮಾತು ತಿಳಿಸಬೇಕಾಗಿ ಕೋರಿಕೆ.

ತೂಕದಲ್ಲೇ ಹೀಗಾದ ಮೇಲೆ ಉಳಿದದ್ದನ್ನು ಪರೀಕ್ಷಿಸದೆ ನಂಬುವುದು ನನ್ನ ವೃತ್ತಿಗೆ ಸಲ್ಲದು. ದೋಷವಿದ್ದರೆ ಹದಿನಾಲ್ಕು ದಿನದೊಳಗೆ ಹಿಂದಿರುಗಿಸಬೇಕೆಂದು ತಾವೇ ಬರೆದಿದ್ದಿರಿ. ಪರೀಕ್ಷೆಗೆ ಒಳ್ಳೆಯ ವಸ್ತು ಸಣ್ಣ ಅಚ್ಚಿನ ದಿನಪತ್ರಿಕೆ ಎಂದು ಮೆಗಾಪಿಕ್ಸೆಲ್ ಹೇಳಿದ್ದ. ಮೊದಲು ನಮ್ಮ ಮೊಗಸಾಲೆಯ ಗೋಡೆಯ ಮೇಲೆ, ಅದು ಸಾಲದೆ ಬಂದಾಗ ಎದುರುಮನೆಯವರ ಕಾಂಪೌಂಡಿನ ಮೇಲೆ ಪುಟಗಳನ್ನು ಅಂಟಿಸಿ ಹನ್ನೆರಡು ದಿನ ಚಿತ್ರ ತೆಗೆದೆ. ನಡುಭಾಗ, ನಾಲ್ಕು ಮೂಲೆ, ಪ್ರತಿ ಬಾಯಗಲದಲ್ಲೂ. ಇದರಲ್ಲಿ ತಮ್ಮ ಯಂತ್ರವನ್ನು ಹೊಗಳದೆ ಇರಲಾರೆ. ಅದು ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಅದರ ಮೇಲೆ ಹಳದಿ ಚೌಕ ಕೂರಿಸುತ್ತದೆಂದು ತಾವು ಬರೆದದ್ದನ್ನು ನಿಧನ ವಾರ್ತೆಯ ಪುಟದ ಮೇಲೆ ಪರೀಕ್ಷಿಸಿದೆ. ಹನ್ನೆರಡು ಭಾವಚಿತ್ರಗಳಿದ್ದವು. ಹನ್ನೆರಡು ಜನರ ಕಣ್ಣನ್ನೂ, ಕನ್ನಡಕದವರನ್ನೂ ಬಿಡದೆ, ಕಣ್ಣು ಮಿಟುಕಿಸುವುದರೊಳಗೆ ಅದು ಹಿಡಿಯಿತು. ಬದುಕಿದ್ದಾಗ ಮನೆಯವರೂ ಅವರನ್ನು ಅಷ್ಟು ಗಮನವಿಟ್ಟು ನೋಡಿರಲಾರರು.

ಇಪ್ಪತ್ತಾರನೆಯ ದಿನ ಹೊಂಡದ ಬಳಿಯಿಂದ ಹೆಂಡತಿಯ ಫೋನು ಬಂತು. "ರೀ, ಸತ್ತವರ ಫೋಟೋ ಸಾಕು. ಇಲ್ಲಿ ಮೂರು ಹುಟ್ಟಿವೆ, ಬೇಗ ಬನ್ನಿ" ಎಂದಳು. "ಬಂದೆ, ಇನ್ನೆರಡು ಮೂಲೆ ಬಾಕಿ ಇದೆ" ಎಂದೆ. ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟವನ ಮುದ್ರೆಗೆ ಬೆಲೆಯಿಲ್ಲ ಎಂಬುದು ನಾನು ಕೆಲಸಕ್ಕೆ ಸೇರಿದ ದಿನ ಕಲಿತದ್ದು. ಆಮೇಲಿನ ಏಳು ದಿನವೂ ಅವಳು ನನ್ನನ್ನು ಊಟಕ್ಕೆ ಕರೆಯುವುದನ್ನು ಬಿಟ್ಟು ಹೆಚ್ಚೇನೂ ಹೇಳಲಿಲ್ಲ. ಈ ನಷ್ಟ ತಮ್ಮ ಗ್ಯಾರಂಟಿ ಚೀಟಿಯಲ್ಲಿ ಬರುವುದಿಲ್ಲವೆಂದು ಬಲ್ಲೆ.

ಮೂವತ್ತನಾಲ್ಕನೆಯ ದಿನದಿಂದ ನಾನೂ ಬಲೆಯ ಹೊರಗೆ ನಿಂತೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ ಹಕ್ಕಿ ನಿಲ್ಲದೆ ತಮ್ಮ ಯಂತ್ರ ಅದನ್ನು ಹಿಡಿಯದು, ಯಂತ್ರ ಹಿಡಿಯುವವರೆಗೆ ಹಕ್ಕಿ ನಿಲ್ಲದು. ತಾಯಿಹಕ್ಕಿ ಮರಿಗಳನ್ನು ಹೊತ್ತು ಜೊಂಡಿನ ಮುಂದೆ ಬರುತ್ತಿತ್ತು. ನಾನು ಗುಂಡಿ ಒತ್ತುತ್ತಿದ್ದೆ. ಲೆನ್ಸು ಒಮ್ಮೆ ಆಚೆ ದಡಕ್ಕೆ, ಒಮ್ಮೆ ಈಚೆ ಬಲೆಗೆ ಓಡಾಡಿ, ಯಾರನ್ನೋ ಕಳೆದುಕೊಂಡವರಂತೆ ಹುಡುಕಿ, ಕೊನೆಗೆ ಜೊಂಡಿನ ಮೇಲೆ ಕುಳಿತು ತೃಪ್ತಿಯಿಂದ ಕಿಂವ್ ಎನ್ನುತ್ತಿತ್ತು. ಸೆಕೆಂಡಿಗೆ ಮೂವತ್ತು ಚಿತ್ರದ ವೇಗದಲ್ಲಿ ಏಳು ದಿನದಲ್ಲಿ ಆರು ಸಾವಿರದ ನಾನೂರ ಹನ್ನೆರಡು ಚಿತ್ರಗಳಾದವು. ನನ್ನ ಹೆಂಡತಿ, ಕಣಗಳನ್ನು ಎಣಿಸುವ ಅದೇ ತಾಳ್ಮೆಯಿಂದ, ಪ್ರತಿಯೊಂದನ್ನೂ ನೋಡಿ ವಿಂಗಡಿಸಿದಳು. ಜೊಂಡು: ಐದು ಸಾವಿರದ ಚಿಲ್ಲರೆ. ಗುಳುಮುಳುಕ ಈಗಷ್ಟೇ ಇದ್ದ ಜಾಗದ ಅಲೆ: ಎಂಟು ನೂರು. ನನ್ನ ಎಡಗಾಲಿನ ಚಪ್ಪಲಿ: ಹದಿನಾಲ್ಕು, ಇವು ಮಾತ್ರ ಬಹಳ ಸ್ಪಷ್ಟ. "ಇನ್ನು ನಾಲ್ಕೈದು ದಿನ ಅಷ್ಟೇ. ಆಮೇಲೆ ಮರಿ ಬೆನ್ನು ಹತ್ತಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಲವತ್ತೊಂದನೆಯ ದಿನ ಬೆಳಗ್ಗೆ ಆಚೆ ದಡದಲ್ಲಿ ಗೇಟು ತೆರೆದ ಸದ್ದಾಯಿತು. ಸಮೀಕ್ಷಾಧಿಕಾರಿಗಳು ಅಂತಿಮ ಪರಿಶೀಲನೆಗಾಗಿ ಒಬ್ಬರೇ ಒಳಗೆ ಬಂದು, ಕಡತವನ್ನು ಕಂಕುಳಲ್ಲಿ ಇರುಕಿಕೊಂಡು, ಜೊಂಡಿನ ಪಕ್ಕ ನಿಂತರು. ಅದೇ ಗಳಿಗೆಯಲ್ಲಿ ಗುಳುಮುಳುಕ ಮರಿಗಳನ್ನು ಬೆನ್ನ ಮೇಲಿಟ್ಟುಕೊಂಡು ಅವರ ಮುಂದಿನಿಂದಲೇ ತೇಲಿ ಬಂತು, ಮುಳುಗಲಿಲ್ಲ. ನಾನು ಒತ್ತಿದೆ. ಏಳು ದಿನ ಅಲೆದಾಡಿದ್ದ ತಮ್ಮ ಹಳದಿ ಚೌಕ ಈ ಸಲ ಒಂದು ಕ್ಷಣವೂ ತಡಮಾಡದೆ, ತವರಿಗೆ ಬಂದ ಮಗಳಂತೆ, ನೇರ ಹೋಗಿ ಅಧಿಕಾರಿಗಳ ಬಲಗಣ್ಣಿನ ಮೇಲೆ ಕುಳಿತಿತು.

ಸಂಜೆ ಮೇಜಿನ ಬಳಿ ಹೆಂಡತಿ ಕ್ಯಾಮೆರಾದ ಮೆನುವನ್ನು ಪುಟಪುಟವಾಗಿ ತಿರುವುತ್ತಾ ಕುಳಿತಿದ್ದಳು. ನಾಲ್ಕನೆಯ ಪುಟದ ಒಳಗಿನ ಮೂರನೆಯ ಪುಟದಲ್ಲಿ ಅವಳ ಬೆರಳು ನಿಂತಿತು. "ರೀ, ಇದು ಇಷ್ಟು ದಿನ ಮನುಷ್ಯರನ್ನ ಹುಡುಕ್ತಾ ಇದೆ" ಎಂದಳು. ನಿಧನ ವಾರ್ತೆಯ ಪರೀಕ್ಷೆಗಾಗಿ ಯಂತ್ರವನ್ನು ಮನುಷ್ಯ ಎಂಬಲ್ಲಿಗೆ ತಿರುಗಿಸಿದ್ದವನು ನಾನು. ಹಕ್ಕಿ ಎಂಬಲ್ಲಿಗೆ ಮತ್ತೆ ತಿರುಗಿಸದವನೂ ನಾನೇ. ಅಳತೆಯ ಇಲಾಖೆಯವನಾಗಿ ಇದನ್ನು ಮುಚ್ಚಿಡಲಾರೆ. ಆದರೆ ಹಕ್ಕಿಗೆಂದೇ ಮಾರುವ ಯಂತ್ರದಲ್ಲಿ ಹಕ್ಕಿಯನ್ನು ಏಳು ಬಾಗಿಲ ಆಚೆ ಬಚ್ಚಿಟ್ಟವರು ಯಾರೆಂಬುದನ್ನೂ ಕಡತದಲ್ಲಿ ದಾಖಲಿಸಬೇಕಾಗುತ್ತದೆ. ಮಾರನೆಯ ದಿನ ಸರಿಮಾಡಿಕೊಂಡು ಹೋದಾಗ ದಡದ ಉದ್ದಕ್ಕೂ ಗಡಿ ಗುರುತಿನ ಕೆಂಪು ಬಾವುಟಗಳನ್ನು ನೆಟ್ಟಿದ್ದರು. ಹಕ್ಕಿಗಳು ಜೊಂಡಿನೊಳಗೆ ಹೊಕ್ಕವು. ಮೂರು ದಿನ ಹೊರಗೆ ಬರಲಿಲ್ಲ.

ನಲವತ್ತೈದನೆಯ ದಿನ ಪುರಸಭೆಯ ಸಭಾಂಗಣದಲ್ಲಿ ವಿಚಾರಣೆ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಡೆಗೆ ವಾಲಿದ ಫ್ಯಾನು, ಮೇಜಿನ ಆಚೆ ವಿಚಾರಣೆ ನಡೆಸುವ ಹಿರಿಯ ಅಧಿಕಾರಿ, ಸಣ್ಣ ದನಿಯ, ದಪ್ಪ ಕನ್ನಡಕದ ಹೆಂಗಸು. ಸಮೀಕ್ಷಾಧಿಕಾರಿಗಳು ಎದ್ದು ನಿಂತು, "ಎರಡು ಬಾರಿ ಖುದ್ದು ಸ್ಥಳ ಪರಿಶೀಲಿಸಲಾಗಿ ಯಾವುದೇ ಜೀವಿ ಕಂಡುಬಂದಿರುವುದಿಲ್ಲ" ಎಂದು ಓದಿದರು. ನಮ್ಮನ್ನು ಕರೆದರು. ನನ್ನ ಹೆಂಡತಿ ಚೀಲದಿಂದ ನೋಟ್‌ಬುಕ್ಕುಗಳನ್ನು ತೆಗೆಯಲಿಲ್ಲ. ಒಂದೇ ಒಂದು ಚಿತ್ರವನ್ನು ಮೇಜಿನ ಮೇಲಿಟ್ಟಳು. ಹಿಂದಿನ ದಿನ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದವಳು ಅವಳೇ. ನಲವತ್ತೊಂದನೆಯ ದಿನದ ಆ ಕೆಟ್ಟ ಚಿತ್ರ ಏಕೆಂದು ನಾನು ಕೇಳಿದಾಗ ಅದನ್ನು ನೋಟ್‌ಬುಕ್ಕುಗಳ ಜೊತೆ ಚೀಲದೊಳಗೆ ಇಟ್ಟಿದ್ದಳು.

ಹಿರಿಯ ಅಧಿಕಾರಿ ಕನ್ನಡಕ ಏರಿಸಿ, "ಹಕ್ಕಿ ಎಲ್ಲಮ್ಮ?" ಎಂದರು. "ಮುಂದೆ, ಮಸುಕಾಗಿ ಒಂದು ಕಂದು ಗುಪ್ಪೆ ಇದೆಯಲ್ಲ ಮೇಡಂ, ಅದು. ಹಿಂದೆ ನಿಂತಿರೋರು ಸ್ಪಷ್ಟವಾಗಿದಾರೆ ನೋಡಿ." ಅವರು ನೋಡಿದರು. ಮಾನ್ಯರೇ, ಇಲ್ಲಿ ತಮ್ಮ ಲೆನ್ಸಿನ ಗುಣವನ್ನು ಮನಸಾರೆ ಹೊಗಳುತ್ತೇನೆ. ಎಪ್ಪತ್ತು ಮೀಟರು ದೂರದಿಂದ ಸಮೀಕ್ಷಾಧಿಕಾರಿಗಳ ರೆಪ್ಪೆಗೂದಲು ಎಣಿಸಬಹುದಿತ್ತು. ಕಂಕುಳಿನ ಕಡತದ ನಂಬರು ಓದಬಹುದಿತ್ತು. ಮುಖದ ಮೇಲಿನ ನಗು, ಮಕ್ಕಳ ಮುಖದಲ್ಲಿ ಮಾತ್ರ ಕಾಣುವಂಥದ್ದು, ಕಾಣುತ್ತಿತ್ತು. ಎರಡೂ ಕೈಯಲ್ಲಿ ಅವರು ತಮ್ಮ ಫೋನನ್ನು ಮುಂದಕ್ಕೆ ಚಾಚಿ, ಆ ಕಂದು ಗುಪ್ಪೆಯ ಕಡೆಗೇ ಗುರಿಯಿಟ್ಟಿದ್ದರು.

"ಇವರು ಏನ್ ಮಾಡ್ತಿದಾರೆ ಇಲ್ಲಿ?" ಎಂದರು ಹಿರಿಯ ಅಧಿಕಾರಿ. "ಹಕ್ಕಿ ಫೋಟೋ ತೆಗೀತಿದಾರೆ" ಎಂದಳು ನನ್ನ ಹೆಂಡತಿ. ಆಮೇಲೆ ಸಮೀಕ್ಷಾಧಿಕಾರಿಗಳ ಕಡೆ ತಿರುಗಿ, ಒಂದಿಷ್ಟೂ ಕುಹಕವಿಲ್ಲದೆ, ರಕ್ತ ತೆಗೆಯುವ ಮುನ್ನ ರೋಗಿಗೆ ಧೈರ್ಯ ಹೇಳುವ ದನಿಯಲ್ಲಿ, "ಸಾರ್, ನಮ್ಮದು ಚೆನ್ನಾಗಿ ಬಂದಿಲ್ಲ. ನೀವು ಹತ್ರ ಇದ್ರಲ್ಲ, ನಿಮ್ಮದು ಬಂದಿರ್ಬೇಕು" ಎಂದಳು. ಅವರ ಕಿವಿ ಕೆಂಪಾಯಿತು. "ಅದು... ನನ್ನ ಮೊಮ್ಮಗಳಿಗೆ ಕಳಿಸೋಣ ಅಂತ..." ಎಂದರು. "ಕಳಿಸಿದ್ರಾ?" ಎಂದರು ಹಿರಿಯ ಅಧಿಕಾರಿ. ಕಳಿಸಿದ್ದರಂತೆ. "ಅವಳು ಏನಂದ್ಳು?" "ಇನ್ನೊಂದು ಕಳಿಸು ತಾತ ಅಂದ್ಳು, ಮೇಡಂ."

ಫೋನು ಕೈಯಿಂದ ಕೈಗೆ ದಾಟಿ ನಮ್ಮವರೆಗೂ ಬಂತು. ಎಂಟು ಮೀಟರು ದೂರದಿಂದ, ಯಾವ ಲೆನ್ಸಿನ ಹಂಗೂ ಇಲ್ಲದೆ ತೆಗೆದ ಚಿತ್ರ. ತಾಯಿಯ ಬೆನ್ನ ಮೇಲೆ ಎರಡು ಪಟ್ಟೆತಲೆ, ರೆಕ್ಕೆಯ ಸಂದಿನಿಂದ ಇಣುಕುತ್ತಿರುವ ಮೂರನೆಯದು. ಮರಿಗಳ ಹಿಂದೆ, ಬಹಳ ದೂರದಲ್ಲಿ, ಬಲೆಯ ಆಚೆ ಎರಡು ಚುಕ್ಕಿಗಳು. ಒಂದು ನನ್ನ ಹೆಂಡತಿ, ಇನ್ನೊಂದು ತಮ್ಮ ಲೆನ್ಸು. ಅದರ ಹಿಂದೆ ನಾನಿದ್ದೆ, ಕಾಣುವುದಿಲ್ಲ. ನನ್ನ ಹೆಂಡತಿ ಅದನ್ನು ಎಷ್ಟು ಹೊತ್ತು ನೋಡಿದಳೆಂದರೆ ಫೋನಿನ ಬೆಳಕು ತಾನಾಗಿ ಆರಿತು. ಅದರ ಒಡೆಯರೇ ಬಾಗಿ ಮತ್ತೆ ಹೊತ್ತಿಸಿಕೊಟ್ಟರು.

"ಯಾವುದೇ ಜೀವಿಗಳಿಲ್ಲದ" ಎಂಬ ಪದಗಳನ್ನು ಕಡತದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದರು. ಮುಂದಿನ ಗೂಡಿನ ಕಾಲ ಮುಗಿಯುವವರೆಗೆ ಒಂದು ಬುಟ್ಟಿ ಮಣ್ಣೂ ಬೀಳಬಾರದು, ಅಲ್ಲಿಯವರೆಗೆ ವಾರಕ್ಕೊಮ್ಮೆ ಹಕ್ಕಿಗಳ ಎಣಿಕೆಯಾಗಬೇಕು ಎಂದು ಆದೇಶ ಬರೆಸಿ, ಎಣಿಸಲು ತಿಳಿದವರು ಯಾರಾದರೂ ಇದ್ದಾರೆಯೇ ಎಂದು ಹಿರಿಯ ಅಧಿಕಾರಿ ಕೇಳಿದರು. ಆಗ ನನ್ನ ಹೆಂಡತಿ ಚೀಲದಿಂದ ಒಂಬತ್ತು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

ಹೀಗಿರುವಾಗ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಗುಂಡಿ ಒತ್ತುವ ಅರ್ಧ ಸೆಕೆಂಡು ಮೊದಲಿನ ಚಿತ್ರವನ್ನೂ ಉಳಿಸಿಕೊಡುವ ತಮ್ಮ ಆ ಅಪೂರ್ವ ಸೌಲಭ್ಯವನ್ನು ದಯವಿಟ್ಟು ಮೂರು ವಾರದಷ್ಟು ಹಿಂದಕ್ಕೆ ವಿಸ್ತರಿಸಿಕೊಡಬೇಕು. ಇಪ್ಪತ್ತಾರನೆಯ ದಿನ ಬೆಳಗ್ಗೆ ಬಲೆಯ ಬಳಿ ನಿಂತು ನನಗೆ ಫೋನು ಮಾಡಿದಾಗ ನನ್ನ ಹೆಂಡತಿಯ ಮುಖ ಹೇಗಿತ್ತೆಂದು ನಾನು ನೋಡಬೇಕಾಗಿದೆ. ಆಗ ನಾನು ಕಾಂಪೌಂಡಿನ ಬಳಿ ಎಡಗಡೆಯ ಕೆಳಮೂಲೆಯನ್ನು ಪರೀಕ್ಷಿಸುತ್ತಿದ್ದೆ. ಅದು ಆಗದಿದ್ದರೆ ಇಷ್ಟಾದರೂ ಮಾಡಿ: ಹಕ್ಕಿಯನ್ನು ಬಿಟ್ಟು ಅಧಿಕಾರಿಯನ್ನು ಹಿಡಿಯುವ ಈ ಗುಣವನ್ನು ಮುಂದಿನ ಆವೃತ್ತಿಗಳಲ್ಲಿ ಯಾವ ಕಾರಣಕ್ಕೂ ತಿದ್ದಬೇಡಿ. ಊರಿನಲ್ಲಿ ಇನ್ನೂ ಆರು ಹೊಂಡಗಳಿವೆ. ಆರರ ಮೇಲೂ ವರದಿಗಳಿವೆ.

ತಕ್ಕಡಿಯ ಮೇಲೆ ಇಟ್ಟ ಮಾತನ್ನು ಮಾತ್ರ ನಂಬುವ, ಆದರೂ ತಮ್ಮ ಪುಸ್ತಿಕೆಯನ್ನು ಒಮ್ಮೆ ನಂಬಿದ,

ತಮ್ಮ ವಿಶ್ವಾಸಿ,
ತೂಕ ಮತ್ತು ಅಳತೆ ಪರಿಶೀಲಕ
(ಎಂಟರ ಎರಡನೆಯ ಆವೃತ್ತಿಯ ಮಾಲೀಕ)

ತಾ.ಕ.: ಪಕ್ಷಿಪ್ರಿಯರಿಗಾಗಿ ಇನ್ನಷ್ಟು ಹಗುರವಾದ, ಹಕ್ಕಿಯನ್ನು ಇನ್ನಷ್ಟು ಹತ್ತಿರ ತರುವ ಹೊಸ ಲೆನ್ಸು ಬಂದಿದೆಯೆಂಬ ತಮ್ಮ ಸಂದೇಶ ಈಗಷ್ಟೇ ತಲುಪಿತು. ಹೋಲಿಕೆಗೆ ಅನುಕೂಲವಾಗಲೆಂದು ತಿಳಿಸುತ್ತಿದ್ದೇನೆ: ಎಣಿಕೆಗಾಗಿ ಪುರಸಭೆಯವರು ನನ್ನ ಹೆಂಡತಿಗೆ ಗೇಟಿನ ಬೀಗದ ಕೈ ಕೊಟ್ಟಿದ್ದಾರೆ. ಅದು ಅರವತ್ತೆರಡು ಮೀಟರನ್ನು ಎಂಟು ಮೀಟರಿಗೆ ಇಳಿಸುತ್ತದೆ. ಕಚೇರಿಯಲ್ಲಿ ತೂಗಿ ನೋಡಿದೆ, ಇಪ್ಪತ್ತಮೂರು ಗ್ರಾಮ್. ಯಾವ ಭಾಗವನ್ನೂ ಬಿಟ್ಟು ತೂಗಿಲ್ಲ.